ಎಚ್.ಪಿ.ವಿ. ಸೋಂಕು: ಸದ್ದಿಲ್ಲದೆ ಬರುವ ವೈರಸ್, ತಡೆಯಬಹುದಾದ ಕ್ಯಾನ್ಸರ್

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ‘ಎಲ್ಲಾ ಹಣೆಬರಹ’ ಎಂದು ಕೈಚೆಲ್ಲುವವರೇ ನಮ್ಮಲ್ಲಿ ಹೆಚ್ಚು. ಆದರೆ ಗರ್ಭಕೊರಳಿನ ಕ್ಯಾನ್ಸರ್ ವಿಷಯದಲ್ಲಿ ಹಾಗೆ ಹೇಳುವ ಹಾಗಿಲ್ಲ. ಅದು ಯಾವುದರಿಂದ ಬರುತ್ತದೆ ಎಂದು ಗೊತ್ತಾಗಿದೆ, ಬಾರದಂತೆ ತಡೆಯುವ ಲಸಿಕೆ ಇದೆ, ಕ್ಯಾನ್ಸರ್ ಆಗುವುದಕ್ಕೆ ವರ್ಷಗಳ ಮೊದಲೇ ಪತ್ತೆಹಚ್ಚುವ ಸುಲಭ ಪರೀಕ್ಷೆಯೂ ಇದೆ. ಇಷ್ಟೆಲ್ಲ ಇದ್ದರೂ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಮಹಿಳೆಯರಿಗೆ ಈ ರೋಗ ಹೊಸದಾಗಿ ಬಂದಿದೆ, ಸುಮಾರು 80,000 ಮಂದಿ ಇದರಿಂದ ತೀರಿಕೊಂಡಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಎರಡನೇ ಸ್ಥಾನ ಇದಕ್ಕೆ. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವ, ಮನೆಯ ಜವಾಬ್ದಾರಿ ಪೂರ್ತಿ ಹೆಗಲ ಮೇಲಿರುವ ತಾಯಂದಿರೂ ಇವರಲ್ಲಿ ಬಹಳ ಮಂದಿ ಇರುತ್ತಾರೆ.

ಈ ಕ್ಯಾನ್ಸರ್‌ಗೆ ಮೂಲ ಒಂದು ವೈರಸ್. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚುಟುಕಾಗಿ ಎಚ್.ಪಿ.ವಿ. ಹೆಸರು ಹೊಸದೆನಿಸಿದರೂ ಇದರ ಒಂದು ರೂಪ ನಮಗೆಲ್ಲ ಚಿಕ್ಕಂದಿನಿಂದ ಪರಿಚಯವೇ. ಕೈ ಬೆರಳುಗಳ ಮೇಲೆ, ಪಾದದ ಅಡಿಯಲ್ಲಿ ಏಳುವ ನರೂಲಿ ಇದೆಯಲ್ಲ, ಅದು ಈ ವೈರಸ್‌ನ ಕೆಲಸ. ಕುದುರೆ ಬಾಲದ ಕೂದಲು ಕಟ್ಟಿದರೆ ನರೂಲಿ ಉದುರುತ್ತದೆ ಎಂದು ಹಿರಿಯರು ಹೇಳುವುದುಂಟು. ಕೂದಲು ಕಟ್ಟಿದರೂ ಕಟ್ಟದಿದ್ದರೂ ಸಾಮಾನ್ಯವಾಗಿ ಅದು ಒಂದಲ್ಲ ಒಂದು ದಿನ ತಾನಾಗಿಯೇ ಮಾಯವಾಗುತ್ತದೆ, ಏಕೆಂದರೆ ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿ ಹೊರಹಾಕುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎಚ್.ಪಿ.ವಿ.ಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ವಿಜ್ಞಾನಿಗಳು ಅವುಗಳನ್ನು ನಂಬರು ಕೊಟ್ಟು ಗುರುತಿಸುತ್ತಾರೆ. ಕೈಕಾಲಿನ ನರೂಲಿ ಮಾಡುವ ಬಗೆಗಳೇ ಬೇರೆ, ಜನನಾಂಗಗಳ ಒಳಪದರದಲ್ಲಿ ನೆಲೆಸುವ ಬಗೆಗಳೇ ಬೇರೆ. ಕೈಯ ನರೂಲಿಯಿಂದ ಯಾರಿಗೂ ಗರ್ಭಕೊರಳಿನ ಕ್ಯಾನ್ಸರ್ ಬರುವುದಿಲ್ಲ. ಅಪಾಯಕಾರಿ ಎನಿಸಿರುವುದು ಹನ್ನೆರಡು-ಹದಿನಾಲ್ಕು ಬಗೆಗಳು ಮಾತ್ರ. ಅವುಗಳಲ್ಲೂ 16 ಮತ್ತು 18ನೇ ನಂಬರಿನವು ಮುಖ್ಯ. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಈ ಎರಡೇ ಕಾರಣ.

ಇದು ಗೊತ್ತಾದದ್ದು ಹೇಗೆ?

ಇದರ ಹಿಂದೆ ಒಂದು ಕುತೂಹಲದ ಕಥೆ ಇದೆ, ಅದು ಶುರುವಾಗುವುದು ಧರ್ಮಭಗಿನಿಯರಿಂದ. ಇಟಲಿಯ ವೆರೋನಾ ನಗರದಲ್ಲಿ ಡೊಮೆನಿಕೋ ರಿಗೋನಿ-ಸ್ಟೆರ್ನ್ ಎಂಬ ವೈದ್ಯರು 1760ರಿಂದ 1839ರ ವರೆಗಿನ ಮರಣ ದಾಖಲೆಗಳನ್ನು ಕೂತು ಪರಿಶೀಲಿಸಿ 1842ರಲ್ಲಿ ತಮ್ಮ ಲೆಕ್ಕಾಚಾರ ಪ್ರಕಟಿಸಿದರು. ಗರ್ಭಕೋಶದ ಕ್ಯಾನ್ಸರ್‌ನಿಂದ ಸತ್ತವರಲ್ಲಿ ವಿವಾಹಿತರು ಮತ್ತು ವಿಧವೆಯರೇ ಹೆಚ್ಚು, ಕಾನ್ವೆಂಟಿನ ಭಗಿನಿಯರು ಬಹಳ ಅಪರೂಪ ಎಂಬುದು ಅವರ ಕಣ್ಣಿಗೆ ಬಿತ್ತು. ಅದೇ ಭಗಿನಿಯರಲ್ಲಿ ಸ್ತನ ಕ್ಯಾನ್ಸರ್ ಮಾತ್ರ ಬೇರೆಯವರಿಗಿಂತ ಹೆಚ್ಚಿತ್ತು. ಅಂದರೆ ಗರ್ಭಕೊರಳಿನ ಕ್ಯಾನ್ಸರ್‌ಗೂ ದಾಂಪತ್ಯ ಜೀವನಕ್ಕೂ ಏನೋ ಸಂಬಂಧವಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಮಠದ ನಾಲ್ಕು ಗೋಡೆಗಳ ಒಳಗಿನ ಮರಣ ಪುಸ್ತಕದಿಂದ! ಹಾಗೆಂದು ಭಗಿನಿಯರಿಗೆ ಈ ರೋಗ ಬರುವುದೇ ಇಲ್ಲ ಎಂದು ತಿಳಿಯಬಾರದು. ಅಪರೂಪ, ಅಷ್ಟೇ.

ಆ ಸಂಬಂಧ ಏನೆಂದು ಗೊತ್ತಾಗಲು ಇನ್ನೂ ನೂರನಲವತ್ತು ವರ್ಷ ಬೇಕಾಯಿತು. 1970ರ ದಶಕದಲ್ಲಿ ಹೆಚ್ಚಿನ ವಿಜ್ಞಾನಿಗಳ ಸಂಶಯ ಹರ್ಪಿಸ್ ವೈರಸ್ ಮೇಲಿತ್ತು. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಒಬ್ಬರು ಮಾತ್ರ ನರೂಲಿಯ ವೈರಸ್ ಮೇಲೆ ಪಟ್ಟು ಹಿಡಿದು ಕೂತರು. 1983ರಲ್ಲಿ 16ನೇ ಬಗೆಯನ್ನೂ 1984ರಲ್ಲಿ 18ನೇ ಬಗೆಯನ್ನೂ ಅವರ ತಂಡ ಕ್ಯಾನ್ಸರ್ ಗಡ್ಡೆಗಳಿಂದಲೇ ಬೇರ್ಪಡಿಸಿ ತೋರಿಸಿತು. ಇದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1951ರಲ್ಲಿ ಅಮೆರಿಕದಲ್ಲಿ ಇದೇ ಕ್ಯಾನ್ಸರ್‌ನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿಯ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದ ಜೀವಕೋಶಗಳು ಇಂದಿಗೂ ಪ್ರಪಂಚದ ಲ್ಯಾಬೋರೇಟರಿಗಳಲ್ಲಿ ಬೆಳೆಯುತ್ತಿವೆ. ಅವುಗಳ ಒಳಗೆ ಕೂಡಾ ಪತ್ತೆಯಾದದ್ದು ಈ 18ನೇ ಬಗೆಯೇ.

ಹರಡುವುದು ಹೇಗೆ? ಮನೆಯ ಶಾಂತಿಯ ಪ್ರಶ್ನೆ

ಈ ವಿಷಯದ ಬಗ್ಗೆ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ರೋಗಕ್ಕಿಂತ ಮೊದಲು ಸಂಶಯವೇ ಸಂಸಾರವನ್ನು ಹಾಳು ಮಾಡೀತು. ಜನನಾಂಗಗಳಿಗೆ ತಗಲುವ ಎಚ್.ಪಿ.ವಿ. ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗುವುದರಿಂದ ಹರಡುತ್ತದೆ. ಒಟ್ಟಿಗೆ ಊಟ ಮಾಡುವುದರಿಂದ, ಒಂದೇ ಬಾವಿಯ ನೀರು ಬಳಸುವುದರಿಂದ ಹರಡುವುದಿಲ್ಲ. ಕಾಂಡೋಮ್ ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಆದರೆ ಮುಚ್ಚದ ಭಾಗದ ಚರ್ಮದಿಂದಲೂ ಸೋಂಕು ದಾಟಬಹುದಾದ್ದರಿಂದ ಪೂರ್ತಿ ರಕ್ಷಣೆ ಇಲ್ಲ.

ಇಷ್ಟು ಕೇಳಿದ ಕೂಡಲೇ ‘ಹಾಗಾದರೆ ತಪ್ಪು ಯಾರದ್ದು?’ ಎಂಬ ಪ್ರಶ್ನೆ ಏಳುತ್ತದೆ. ಗಂಡ ವರ್ಷಗಟ್ಟಲೆ ಗಲ್ಫಿನಲ್ಲೋ ಹಡಗಿನಲ್ಲೋ ದುಡಿಯುವ, ಹೆಂಡತಿ ಊರಿನಲ್ಲಿ ಮಕ್ಕಳೊಂದಿಗೆ ಇರುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿವೆ! ಅಂಥ ಕಡೆ ಒಂದು ರಿಪೋರ್ಟಿನಲ್ಲಿ ‘ಎಚ್.ಪಿ.ವಿ. ಪಾಸಿಟಿವ್’ ಎಂದು ಬಂದರೆ ಏನಾದೀತು ಎಂದು ಊಹಿಸಬಹುದು. ಆದ್ದರಿಂದ ತಿಳಿದಿರಬೇಕಾದ್ದು ಇದು: ಈ ವೈರಸ್ ದೇಹದಲ್ಲಿ ಯಾವ ಲಕ್ಷಣವೂ ಇಲ್ಲದೆ ಹತ್ತು-ಹದಿನೈದು ವರ್ಷ ಅಡಗಿ ಕೂರಬಲ್ಲದು. ಇಂದು ಪತ್ತೆಯಾದ ಸೋಂಕು ಯಾವ ವರ್ಷ ಬಂತು, ಯಾರಿಂದ ಯಾರಿಗೆ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ದಾಂಪತ್ಯ ಜೀವನ ನಡೆಸುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲಿಯೇ ತಗಲುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಹಾಗಾಗಿ ಪಾಸಿಟಿವ್ ರಿಪೋರ್ಟು ಯಾರ ನಡತೆಗೂ ಸರ್ಟಿಫಿಕೇಟ್ ಅಲ್ಲ. ಅದು ‘ಇನ್ನೊಂದು ಪರೀಕ್ಷೆ ಮಾಡಿಸಿ’ ಎಂಬ ಸೂಚನೆ, ಅಷ್ಟೇ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದೂ ಅರ್ಥವಲ್ಲ.

ಸೋಂಕಿನಿಂದ ಕ್ಯಾನ್ಸರಿಗೆ

ಗರ್ಭಕೋಶದ ಕೆಳತುದಿ, ಯೋನಿಯ ಕಡೆಗೆ ತೆರೆದುಕೊಳ್ಳುವ ಭಾಗವೇ ಗರ್ಭಕೊರಳು. ಇಲ್ಲಿ ಎರಡು ಬಗೆಯ ಒಳಪದರಗಳು ಸೇರುವ ಜಾಗವೊಂದಿದೆ, ಅಲ್ಲಿ ಜೀವಕೋಶಗಳು ಸದಾ ಬದಲಾಗುತ್ತಿರುತ್ತವೆ. ಸಣ್ಣ ಗೀರುಗಳ ಮೂಲಕ ವೈರಸ್ ಪದರದ ತಳದ ಜೀವಕೋಶಗಳನ್ನು ಸೇರುತ್ತದೆ. ಅಲ್ಲಿಂದ ಹತ್ತರಲ್ಲಿ ಒಂಬತ್ತು ಸಲ ಆಗುವುದು ಮೊದಲು ಹೇಳಿದ ನರೂಲಿಯ ಕಥೆಯೇ: ಎರಡು ವರ್ಷಗಳೊಳಗೆ ದೇಹವೇ ಅದನ್ನು ಹೊರಹಾಕುತ್ತದೆ, ನಮಗೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ.

ಉಳಿದ ಕೆಲವರಲ್ಲಿ ಅಪಾಯದ ಬಗೆಯ ವೈರಸ್ ಬಿಟ್ಟು ಹೋಗದೆ ನೆಲೆ ನಿಲ್ಲುತ್ತದೆ. ನಮ್ಮ ಜೀವಕೋಶಗಳಲ್ಲಿ ಅತಿಯಾಗಿ ಬೆಳೆಯದಂತೆ ತಡೆಯುವ ಕಾವಲು ಪ್ರೋಟೀನುಗಳಿವೆ. ವೈರಸ್ ತಯಾರಿಸುವ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಈ ಕಾವಲುಗಾರರನ್ನೇ ಕೆಡವಿ ಹಾಕುತ್ತವೆ. ಬ್ರೇಕ್ ಕಳಚಿದ ಬಸ್ಸಿನ ಹಾಗೆ ಜೀವಕೋಶ ವಿಭಜನೆಯಾಗುತ್ತಾ ಹೋಗುತ್ತದೆ, ತಪ್ಪುಗಳು ಸೇರುತ್ತಾ ಹೋಗುತ್ತವೆ. ಆದರೆ ಇದು ಒಂದೆರಡು ತಿಂಗಳಲ್ಲಿ ಆಗುವ ಕೆಲಸವಲ್ಲ. ಸೋಂಕಿನಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಉದಾಹರಣೆಗೆ ಎಚ್.ಐ.ವಿ.ಗೆ ಚಿಕಿತ್ಸೆ ಪಡೆಯದವರಲ್ಲಿ, 5ರಿಂದ 10 ವರ್ಷ ಸಾಕು. ಧೂಮಪಾನವೂ ಅಪಾಯ ಹೆಚ್ಚಿಸುತ್ತದೆ. ಈ ದೀರ್ಘ ಅವಧಿಯೇ ನಮಗೆ ಸಿಕ್ಕಿರುವ ಅವಕಾಶ. ಅದನ್ನು ಸುಮ್ಮನೆ ಕಳೆಯುತ್ತಿದ್ದೇವೆ ಎಂಬುದೇ ಬೇಸರದ ಸಂಗತಿ.

ಎಚ್.ಪಿ.ವಿ. ಹೆಂಗಸರ ರೋಗ ಮಾತ್ರ ಎಂದು ಗಂಡಸರು ತಿಳಿಯಬೇಕಾಗಿಲ್ಲ. ಗುದದ್ವಾರ, ಪುರುಷ ಜನನಾಂಗ, ಯೋನಿ ಇವುಗಳ ಕೆಲವು ಕ್ಯಾನ್ಸರ್‌ಗಳಿಗೂ, ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ಗೂ ಇದೇ ವೈರಸ್ ಕಾರಣವಾಗಬಹುದು. ಅಮೆರಿಕದಲ್ಲಿ ಈಗ ಗಂಟಲಿನ ಇಂಥ ಕ್ಯಾನ್ಸರ್‌ಗಳು ಗಂಡಸರಲ್ಲೇ ಹೆಚ್ಚು. ನಮ್ಮ ಕಡೆಯ ಬಾಯಿ ಕ್ಯಾನ್ಸರ್‌ಗೆ ಮಾತ್ರ ಮುಖ್ಯ ಅಪರಾಧಿಗಳು ತಂಬಾಕು, ಗುಟ್ಕಾ ಮತ್ತು ಅಡಿಕೆಯೇ. ಆ ತಪ್ಪನ್ನು ವೈರಸ್ ತಲೆಗೆ ಕಟ್ಟುವುದು ಬೇಡ. 6 ಮತ್ತು 11ನೇ ಬಗೆಗಳು ಕ್ಯಾನ್ಸರ್ ಮಾಡುವುದು ತೀರಾ ಅಪರೂಪ, ಆದರೆ ಜನನಾಂಗಗಳ ನರೂಲಿಗೆ ಹತ್ತರಲ್ಲಿ ಒಂಬತ್ತು ಪಾಲು ಅವೇ ಕಾರಣ. ಅಪರೂಪಕ್ಕೆ ಹೆರಿಗೆಯ ಸಮಯ ತಾಯಿಯಿಂದ ಮಗುವಿಗೆ ದಾಟಿ ಮಗುವಿನ ಧ್ವನಿಪೆಟ್ಟಿಗೆಯಲ್ಲಿ ಗಂಟುಗಳು ಬೆಳೆದು, ಪದೇ ಪದೇ ಆಪರೇಷನ್ ಮಾಡಬೇಕಾಗುವುದೂ ಉಂಟು.

ಲಸಿಕೆ

ವೈರಸ್‌ನ ಹೊರಕವಚ ಎಲ್1 ಎಂಬ ಒಂದೇ ಪ್ರೋಟೀನಿನಿಂದ ಮುಖ್ಯವಾಗಿ ಆಗಿದೆ. ಆ ಪ್ರೋಟೀನನ್ನು ಬೇರೆ ಕಡೆ ತಯಾರಿಸಿದರೆ ಅದು ತಾನಾಗಿಯೇ ಜೋಡಣೆಗೊಂಡು ಖಾಲಿ ಕವಚವಾಗುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ 1991ರಲ್ಲಿ ತೋರಿಸಿದರು. ಲಸಿಕೆಯಲ್ಲಿ ಇರುವುದು ಈ ಖಾಲಿ ಕವಚವೇ. ಒಳಗೆ ವೈರಸ್‌ನ ವಂಶವಾಹಿ ಇಲ್ಲ, ಆದ್ದರಿಂದ ಲಸಿಕೆಯಿಂದ ಸೋಂಕು ಬರಲು ಸಾಧ್ಯವೇ ಇಲ್ಲ. ಗರ್ಭಪಾತದ ಭ್ರೂಣದ ಜೀವಕೋಶಗಳನ್ನು ಬಳಸಿ ತಯಾರಿಸುತ್ತಾರೆಯೇ ಎಂದು ಹಲವರು ಕೇಳುವುದುಂಟು. ಇಲ್ಲ. ಈ ಲಸಿಕೆಯ ಪ್ರೋಟೀನ್ ತಯಾರಾಗುವುದು ಯೀಸ್ಟ್‌ನಲ್ಲಿ ಅಥವಾ ಕೀಟದ ಜೀವಕೋಶದಲ್ಲಿ. ಆ ಬಗ್ಗೆ ಮನಸ್ಸಾಕ್ಷಿಗೆ ಹೊರೆಯಾಗುವ ಕಾರಣವಿಲ್ಲ.

2006ರಲ್ಲಿ ಅಮೆರಿಕದಲ್ಲಿ ಗಾರ್ಡಸಿಲ್ ಲಸಿಕೆಗೆ ಅನುಮತಿ ಸಿಕ್ಕಿತು. 2007ರಲ್ಲಿ ಆಸ್ಟ್ರೇಲಿಯಾ ಶಾಲೆಗಳಲ್ಲಿ ಕೊಡಲು ಆರಂಭಿಸಿತು. ಅಬುಧಾಬಿಯಲ್ಲಿ 2008ರಲ್ಲೇ ಶಾಲಾ ಬಾಲಕಿಯರಿಗೆ ಕೊಡತೊಡಗಿದರು, ಅಲ್ಲಿ ಓದಿದ ನಮ್ಮ ಕೆಲವು ಹೆಣ್ಣುಮಕ್ಕಳಿಗೂ ಸಿಕ್ಕಿರಬಹುದು. ಫಲ ಏನು? 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದ ಪ್ರಕಾರ 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಶೇಕಡಾ 88ರಷ್ಟು ಕಡಿಮೆ. ಸ್ಕಾಟ್ಲೆಂಡ್‌ನಲ್ಲಿ 12-13ರ ವಯಸ್ಸಿನಲ್ಲಿ ಪೂರ್ಣ ಲಸಿಕೆ ಪಡೆದ ಯುವತಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಂಡಿಲ್ಲ ಎಂದು 2024ರ ವರದಿ ಹೇಳಿತು.

ನಮ್ಮ ದೇಶದಲ್ಲಿ ದಾರಿ ಇಷ್ಟು ಸುಗಮವಾಗಿರಲಿಲ್ಲ. 2009ರಲ್ಲಿ ಆಂಧ್ರದ ಖಮ್ಮಮ್ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಪಾಥ್ ಎಂಬ ಸಂಸ್ಥೆಯ ಯೋಜನೆಯಡಿ ಬಡ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಲಾಯಿತು. ಏಳು ಬಾಲಕಿಯರು ತೀರಿಕೊಂಡ ಸುದ್ದಿ ಬಂದು ದೊಡ್ಡ ಗದ್ದಲವಾಗಿ 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ತನಿಖೆಯಲ್ಲಿ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ. ಹಾವು ಕಚ್ಚಿದ್ದು, ನೀರಿನಲ್ಲಿ ಮುಳುಗಿದ್ದು, ಮಲೇರಿಯಾದಂಥ ಬೇರೆ ಕಾರಣಗಳಿದ್ದವು. ಆದರೆ ಇನ್ನೊಂದು ತಪ್ಪು ನಿಜವಾಗಿಯೂ ನಡೆದಿತ್ತು: ಹೆತ್ತವರನ್ನು ಕೇಳದೆ ಹಾಸ್ಟೆಲ್ ವಾರ್ಡನ್‌ಗಳೇ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಬಡವರ ಮಕ್ಕಳಿಗೆ ಒಳ್ಳೆಯದನ್ನೇ ಮಾಡುವುದಿದ್ದರೂ ಕೇಳಿಯೇ ಮಾಡಬೇಕು. ಆ ಒಂದು ಅಸಡ್ಡೆಯಿಂದ ಹುಟ್ಟಿದ ಅಪನಂಬಿಕೆಯಿಂದ ಭಾರತ ಎಷ್ಟೋ ವರ್ಷ ಕಳೆದುಕೊಂಡಿತು.

ಆದರೆ ಈ ಗದ್ದಲದಿಂದಲೇ ಯಾರೂ ನಿರೀಕ್ಷಿಸದ ಒಂದು ಲಾಭವೂ ಆಯಿತು. ಅದೇ ಸಮಯದಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ನೋಡಲು ಭಾರತದ ಹಲವು ಕೇಂದ್ರಗಳಲ್ಲಿ ಬೇರೊಂದು ಅಧ್ಯಯನ ನಡೆಯುತ್ತಿತ್ತು. ಸರ್ಕಾರದ ಆದೇಶದಿಂದ ಅದೂ ಅರ್ಧಕ್ಕೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿದಂತಾಯಿತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸುತ್ತಾ ಬಂದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು: 16 ಮತ್ತು 18ನೇ ಬಗೆಗಳ ನೆಲೆನಿಲ್ಲುವ ಸೋಂಕನ್ನು ಒಂದೇ ಡೋಸ್ ಸುಮಾರು ಶೇಕಡಾ 95ರಷ್ಟು ತಡೆದಿತ್ತು, ಮೂರು ಡೋಸ್ ಪಡೆದವರಿಗೆ ಸರಿಸಮಾನವಾಗಿ. ಇಂಥ ಪುರಾವೆಗಳ ಆಧಾರದಲ್ಲಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡಾ ಸಾಕಾಗುತ್ತದೆ ಎಂದಿತು. ಬಡ ದೇಶಗಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

2022ರಲ್ಲೇ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಸರ್ವಾವ್ಯಾಕ್’ ಎಂಬ ಸ್ವದೇಶಿ ಲಸಿಕೆಗೆ ಅನುಮತಿ ದೊರೆಯಿತು. ಇದು 6, 11, 16 ಮತ್ತು 18ನೇ ಬಗೆಗಳನ್ನು ತಡೆಯುತ್ತದೆ, ಗಂಡುಮಕ್ಕಳಿಗೂ ಕೊಡಬಹುದು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಬಾಲಕಿಯರಿಗೆ ಲಸಿಕೆ ಹಾಕಿಸಲು ಉತ್ತೇಜನ ಕೊಡುವುದಾಗಿ ಕೇಂದ್ರ ಹಣಕಾಸು ಸಚಿವೆ ಪ್ರಕಟಿಸಿದರು. ಉಚಿತ ಲಸಿಕೆ ಯಾವ ವಯಸ್ಸಿನವರಿಗೆ, ಯಾವ ದಿನ ಎಂಬುದನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಕೇಳಿ ತಿಳಿಯಿರಿ. ಖಾಸಗಿ ವೈದ್ಯರು 15 ತುಂಬದವರಿಗೆ ಎರಡು, ಅದಕ್ಕೆ ಮೇಲ್ಪಟ್ಟವರಿಗೆ ಮೂರು ಡೋಸ್ ಹೇಳುವುದೂ ಉಂಟು.

ಕೆಲವು ಪ್ರಶ್ನೆಗಳು ಹೆತ್ತವರಿಂದ ಪದೇ ಪದೇ ಬರುತ್ತವೆ. ‘ಇಷ್ಟು ಸಣ್ಣ ಹುಡುಗಿಗೆ ಯಾಕೆ?’ ಎಂಬುದು ಮೊದಲನೆಯದು. ಲಸಿಕೆ ಬಂದ ಸೋಂಕನ್ನು ಓಡಿಸುವುದಿಲ್ಲ, ಬಾರದಂತೆ ಮಾತ್ರ ತಡೆಯುತ್ತದೆ. ಆದ್ದರಿಂದ ಮದುವೆಗೆ ಬಹಳ ಮೊದಲೇ ಕೊಡಬೇಕು. ಸಣ್ಣ ವಯಸ್ಸಿನಲ್ಲಿ ದೇಹ ಹೆಚ್ಚು ಬಲವಾಗಿ ಸ್ಪಂದಿಸುತ್ತದೆ ಕೂಡಾ. ‘ಇದು ಮಕ್ಕಳಿಗೆ ತಪ್ಪು ದಾರಿ ತೋರಿಸಿದಂತಲ್ಲವೇ?’ ಎಂಬುದು ಎರಡನೆಯದು. ಲಸಿಕೆ ಪಡೆದವರ ನಡವಳಿಕೆ ಬೇರೆಯವರಿಗಿಂತ ಭಿನ್ನವಾಗುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಅದಕ್ಕಿಂತ ಮುಖ್ಯವಾಗಿ, ಮದುವೆಯ ವರೆಗೆ ಶೀಲವಂತಳಾಗಿ ಬೆಳೆದ ಹುಡುಗಿಗೂ ಗಂಡನಿಂದ ಈ ಸೋಂಕು ಬರಬಹುದು. ಅವಳು ಮಾಡದ ತಪ್ಪಿಗೆ ಅವಳು ಕ್ಯಾನ್ಸರ್ ಅನುಭವಿಸಬೇಕೇ? ಇನ್ನು ಬಂಜೆತನ ಬರುತ್ತದೆ ಎಂಬ ಮಾತು ಬರೇ ವದಂತಿ. ತೋಳು ನೋವು, ಸ್ವಲ್ಪ ಜ್ವರ, ಕೆಲವರಿಗೆ ಸೂಜಿ ಚುಚ್ಚಿದ ಕೂಡಲೇ ತಲೆ ಸುತ್ತುವುದು, ಇವು ಸಾಮಾನ್ಯ. ಅದಕ್ಕೇ ಲಸಿಕೆಯ ಬಳಿಕ ಕಾಲು ಗಂಟೆ ಕೂರಿಸಿ ಕಳುಹಿಸುತ್ತಾರೆ. ಯೀಸ್ಟ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಗರ್ಭಿಣಿಯರು ಹೆರಿಗೆಯ ನಂತರ ತೆಗೆದುಕೊಳ್ಳಬೇಕು.

ಅಮ್ಮಂದಿರಿಗೆ ಪರೀಕ್ಷೆ

ಲಸಿಕೆಯ ವಯಸ್ಸು ದಾಟಿದವರಿಗೆ ಇರುವ ರಕ್ಷಣೆ ತಪಾಸಣೆ. ನಮ್ಮಲ್ಲಿ ಸಂಕೋಚವೇ ಇದಕ್ಕೆ ದೊಡ್ಡ ಅಡ್ಡಿ. ಬಿಳಿಸೆರಗು ಹೋಗುತ್ತಿದ್ದರೂ ಹೇಳದ, ಬೀಡಿ ಲೆಕ್ಕ ಕೊಡಲಿಕ್ಕಿದೆ, ಮೀನು ಮಾರಲು ಹೋಗಲಿಕ್ಕಿದೆ, ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡುವ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ನೋವಿಲ್ಲದಿದ್ದರೆ ರೋಗವಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆರಂಭದಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ದಾಂಪತ್ಯ ಸಂಪರ್ಕದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ, ವಾಸನೆಯ ಸ್ರಾವ ಕಂಡರೆ ಒಂದು ವಾರವೂ ತಡಮಾಡಬಾರದು. ‘ಮುಟ್ಟು ನಿಲ್ಲುವ ಕಾಲ, ಹಾಗೆಯೇ’ ಎಂದು ನೆರೆಯವರು ಹೇಳುವ ಸಮಾಧಾನವನ್ನು ನಂಬಬಾರದು.

ಪರೀಕ್ಷೆ ಮೂರು ಬಗೆ. ಗ್ರೀಕ್ ಮೂಲದ ಡಾ. ಜಾರ್ಜ್ ಪಾಪನಿಕೊಲಾವ್ ಕಂಡುಹಿಡಿದ ಪ್ಯಾಪ್ ಸ್ಮಿಯರ್ ಹಳೆಯದು; ಗರ್ಭಕೊರಳಿನಿಂದ ಸವರಿ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡನೆಯದು ವಯಾ. ಅಡಿಗೆಯ ವಿನೆಗರಿನಷ್ಟೇ ತೀಕ್ಷ್ಣತೆಯ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಹಚ್ಚಿ ಒಂದು ನಿಮಿಷ ಕಾದರೆ ಬದಲಾದ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಕೂಡಾ ಮಾಡಬಹುದು, ಖರ್ಚು ಇಲ್ಲವೆಂದೇ ಹೇಳಬೇಕು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ದೀರ್ಘ ಅಧ್ಯಯನದಲ್ಲಿ ಇದರಿಂದ ಸಾವು ಶೇಕಡಾ 31ರಷ್ಟು ಇಳಿಯಿತು. ಮೂರನೆಯದು ಎಚ್.ಪಿ.ವಿ. ಟೆಸ್ಟ್, ವೈರಸ್ಸನ್ನೇ ಹುಡುಕುವುದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಟೆಸ್ಟನ್ನು ಒಂದೇ ಒಂದು ಸಲ ಮಾಡಿದ್ದರಿಂದ ಸಾವು ಅರ್ಧದಷ್ಟು ಕಡಿಮೆಯಾಯಿತು. ಜೀವನದಲ್ಲಿ ಒಂದು ಸಲ! ಇದರ ಸ್ಯಾಂಪಲ್ಲನ್ನು ಮಹಿಳೆ ತಾನೇ ತೆಗೆದುಕೊಡುವ ವಿಧಾನವೂ ಬಂದಿದೆ, ಸಂಕೋಚದವರಿಗೆ ಅನುಕೂಲ.

ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಯಾ ತಪಾಸಣೆ ಆಗಬೇಕು. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡುಬಂದರೆ ಆ ಚಿಕ್ಕ ಜಾಗವನ್ನು ಬಿಸಿಯಿಂದ ಸುಟ್ಟು ಅಥವಾ ತಂಪಿನಿಂದ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ, ಗರ್ಭಕೋಶ ತೆಗೆಯಬೇಕಾಗಿಲ್ಲ. ಕ್ಯಾನ್ಸರೇ ಆಗಿದ್ದರೂ ಆರಂಭದ ಹಂತದಲ್ಲಿ ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಹೆಚ್ಚಿನವರು ಗುಣವಾಗುತ್ತಾರೆ.

ಚಿಕ್ಕಂದಿನಲ್ಲಿ ಲಸಿಕೆ ಪಡೆದವರೂ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಲಸಿಕೆ ಎಲ್ಲ ಅಪಾಯಕಾರಿ ಬಗೆಗಳನ್ನು ತಡೆಯುವುದಿಲ್ಲ. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ಬೇಡ. ಐದು ನಿಮಿಷದ ಕೆಲಸ, ಬೇಕೆಂದು ಹೇಳಿದರೆ ಹೆಚ್ಚಿನ ಕಡೆ ಮಹಿಳಾ ಸಿಬ್ಬಂದಿಯೇ ಮಾಡುತ್ತಾರೆ. ಜೊತೆಗೆ ಅತ್ತಿಗೆಯನ್ನೋ ಅಕ್ಕನನ್ನೋ ಕರೆದುಕೊಂಡು ಹೋದರೆ ಅವರದ್ದೂ ಅದೇ ದಿನ ಆಗಿ ಹೋಗುತ್ತದೆ.